ಅವ್ವ ಇನ್ನೂ ಮಳೆ ಅಳೆದು ಅಪ್ಪನಿಗೆ ಹೇಳುತ್ತಾಳೆ: ಬಿಡಿಸಬೇಕೇ, ಬಿಟ್ಟುಬಿಡಬೇಕೇ?

ಪ್ರಶ್ನೆ: ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಶಿಕ್ಷಕಿ. ತವರು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನಮ್ಮದು ಆರು ಎಕರೆ ಕಾಫಿ ತೋಟ. ಕಳೆದ ಕಾರ್ತಿಕದಲ್ಲಿ, ಅರೇಬಿಕಾ ಕೊಯ್ಲು ಆಗಷ್ಟೇ ಶುರುವಾಗಿದ್ದ ದಿನಗಳಲ್ಲಿ, ಅಪ್ಪ ಹೃದಯಾಘಾತವಾಗಿ ತೀರಿಕೊಂಡರು. ಈಗ ಎಂಟು ತಿಂಗಳು ಕಳೆದಿವೆ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ ಇದ್ದಾರೆ.

ಅಪ್ಪನಿಗೆ ಮಳೆ ಬರೆದಿಡುವ ಅಭ್ಯಾಸವಿತ್ತು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬಯಲುಸೀಮೆಯವರಿಗಾಗಿ ಹೇಳುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಅಂಗಳದ ಕಲ್ಲುಕಂಬದ ಮೇಲಿರುವ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಇಂಚು ಮತ್ತು ಸೆಂಟಿನ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ ಓದಿ, ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ಆಮೇಲೆ ನನಗೆ ಫೋನ್ ಮಾಡಿ, "ಎರಡು ಇಂಚು ನಲವತ್ತು ಸೆಂಟ್. ನಿಮ್ಮಲ್ಲಿ?" ಎಂದು ಕೇಳುತ್ತಿದ್ದರು. ಬಾಡಿಗೆ ಮನೆಯಲ್ಲಿರುವ ನನ್ನ ಬಳಿ ಮಾಪಕ ಎಲ್ಲಿಂದ ಬರಬೇಕು? "ತುಂತುರು ಅಪ್ಪಾ" ಎನ್ನುತ್ತಿದ್ದೆ, ಅಷ್ಟೇ.

ಆ ಕೆಲಸವನ್ನು ಈಗ ಅವ್ವ ಮಾಡುತ್ತಿದ್ದಾಳೆ. ಅದೇ ಹೊತ್ತು, ಅದೇ ಪುಸ್ತಕ. ವ್ಯತ್ಯಾಸವೆಂದರೆ, ಗಾಜನ್ನು ಹಿಡಿದುಕೊಂಡೇ ಜಗುಲಿಯ ಕಡೆ ತಿರುಗಿ, ಅಪ್ಪ ಕೂರುತ್ತಿದ್ದ ಬೆತ್ತದ ಕುರ್ಚಿಗೆ ಕೇಳುವಂತೆ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತಾಳೆ. ಎರಡು ಮೂರು ಬಾರಿ, ಅವರು ಕೆಮ್ಮಿದ್ದು ಕೇಳಿಸಿತು ಎಂದೂ ಹೇಳಿದ್ದಾಳೆ. ಸೋದರತ್ತೆಯವರು ಇದನ್ನು ನೋಡಿ ಹೋದಾಗಿನಿಂದ, ಹೀಗೇ ಬಿಟ್ಟರೆ ತಲೆ ಕೆಡುತ್ತದೆ, ವರ್ಷದ ತಿಥಿಗೆ ಮೊದಲು ಆ ಮಾಪಕವನ್ನು ಕಿತ್ತುಹಾಕಿ ಎಂದು ಹೇಳುತ್ತಿದ್ದಾರೆ. ಅಣ್ಣ ಹೂಂ ಎಂದೂ ಹೇಳಿಲ್ಲ, ಉಹೂಂ ಎಂದೂ ಹೇಳಿಲ್ಲ. ಅವನು ತೋಟದ ಕೆಲಸದಲ್ಲಿ ಮುಳುಗಿದ್ದಾನೆ.

ಇನ್ನೆರಡು ಸಣ್ಣ ಸಂದೇಹಗಳಿವೆ. ನನಗೆ ಇದುವರೆಗೆ ಅಳು ಬಂದಿಲ್ಲ, ಅಂತ್ಯಕ್ರಿಯೆಯ ದಿನವೂ ಬರಲಿಲ್ಲ, ಇದು ಕಲ್ಲುಮನಸ್ಸೇ? ಮತ್ತೆ, ಆರು ವರ್ಷದ ನನ್ನ ಮಗನಿಗೆ ತಾತ ಮಲಗಿದ್ದಾರೆ ಎಂದು ಹೇಳಿದ್ದೆವು. ಅವನು ಈಗ ರಾತ್ರಿ ದೀಪ ಆರಿಸಲು ಬಿಡುವುದಿಲ್ಲ.

ಉತ್ತರ 1: ಗಿರಿಯ ಕೆಳಗೆ (ಚಿಕ್ಕಮಗಳೂರು)

ಸಹೋದರಿ, ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಹದಿನಾಲ್ಕು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ನಿಮ್ಮ ಮುಖ್ಯ ಪ್ರಶ್ನೆಗೆ ಮೊದಲೇ ಉತ್ತರಿಸಿಬಿಡುತ್ತೇನೆ: ದಯವಿಟ್ಟು ಮಾಪಕವನ್ನು ಕೀಳಬೇಡಿ.

ಅವ್ವ ಊಟ ಮಾಡುತ್ತಾರೆಯೇ, ರಾತ್ರಿ ಒಂದಿಷ್ಟಾದರೂ ನಿದ್ದೆ ಬರುತ್ತದೆಯೇ, ನೆಂಟರು ಬಂದರೆ ಮಾತನಾಡುತ್ತಾರೆಯೇ, ಆಳುಗಳ ಸಂಬಳದ ಲೆಕ್ಕ, ದನಕರು, ಹಿತ್ತಿಲು ಇವುಗಳ ಕಡೆ ಗಮನವಿದೆಯೇ ಎಂಬುದನ್ನು ನೋಡಿ. ಇವೆಲ್ಲ ಇದ್ದರೆ, ದಿನಕ್ಕೆ ಐದು ನಿಮಿಷ ಗಂಡನ ಕುರ್ಚಿಯ ಜೊತೆ ಮಾತನಾಡುವುದು ಕಾಯಿಲೆಯಲ್ಲ. ಕೆಮ್ಮು ಕೇಳಿಸಿತೆಂಬುದಕ್ಕೂ ಹೆದರಬೇಡಿ. 1971ರಲ್ಲಿ ವೇಲ್ಸ್‌ನ ಡೀವಿ ರೀಸ್ ಎಂಬ ವೈದ್ಯರು ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತನಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು; ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ತೀರಿಹೋದವರು ಹತ್ತಿರದಲ್ಲೇ ಇದ್ದಂತೆ, ಕಂಡಂತೆ, ಅಥವಾ ಅವರ ದನಿ ಕೇಳಿದಂತೆ ಅನ್ನಿಸಿತ್ತು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ನಿಮ್ಮ ಅವ್ವ ಹೇಳಿಕೊಂಡಿದ್ದಾರೆ. ಅದು ಒಳ್ಳೆಯ ಲಕ್ಷಣವೆಂದೇ ನನಗೆ ಅನ್ನಿಸುತ್ತದೆ.

ಶೋಕಕ್ಕೆ ಐದು ಹಂತಗಳಿವೆ, ಒಂದಾದ ಮೇಲೆ ಒಂದನ್ನು ದಾಟಿ ಕೊನೆಗೆ ಒಪ್ಪಿಕೊಳ್ಳುವಲ್ಲಿಗೆ ತಲುಪಬೇಕು ಎಂಬ ಮಾತನ್ನು ನೀವು ಎಲ್ಲಾದರೂ ಓದಿರಬಹುದು. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರು 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳ ಜೊತೆ ಮಾತನಾಡಿ. ಅದನ್ನು ಉಳಿದವರ ದುಃಖಕ್ಕೆ ಮೆಟ್ಟಿಲಿನಂತೆ ಜೋಡಿಸಿದ್ದು ಆಮೇಲಿನ ಮಾತು. ನಾನು ಮನೆಗಳಲ್ಲಿ ಕಂಡದ್ದಕ್ಕೆ ಹತ್ತಿರವಾಗುವುದು ಶೋಕದ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಷುಟ್ 1999ರಲ್ಲಿ ಹೇಳಿದ್ದು. ಅವರ ಪ್ರಕಾರ ಶೋಕದಲ್ಲಿರುವವರು ಎರಡು ಕಡೆಗಳ ನಡುವೆ ಓಡಾಡುತ್ತಿರುತ್ತಾರೆ: ಒಂದು ಕಡೆ ಹೋದವರ ನೆನಪು, ಹಂಬಲ, ಅಳು, ಇನ್ನೊಂದು ಕಡೆ ಅವರಿಲ್ಲದ ಬದುಕನ್ನು ಹೊಂದಿಸಿಕೊಳ್ಳುವ ಕೆಲಸಗಳು. ಬೆಳಿಗ್ಗೆ ಅಲ್ಲಿದ್ದು ಮಧ್ಯಾಹ್ನ ಇಲ್ಲಿರುವುದು ಚಂಚಲತೆಯಲ್ಲ, ಆರೋಗ್ಯ. ಅವ್ವನ ಮಳೆ ಪುಸ್ತಕವನ್ನು ಒಮ್ಮೆ ಹಾಗೆ ನೋಡಿ. ಕುರ್ಚಿಗೆ ಅಂಕಿ ಹೇಳುವುದು ಒಂದು ಕಡೆಯದು. ಆದರೆ ಇಷ್ಟು ವರ್ಷ ಗಂಡ ಮಾಡಿದ ಕೆಲಸವನ್ನು ತಾನು ಕಲಿತು, ತಾನೇ ಮಾಡುವುದು ಇನ್ನೊಂದು ಕಡೆಯದು. ಒಂದೇ ಗಾಜಿನಲ್ಲಿ ಅವರು ಎರಡನ್ನೂ ಮಾಡುತ್ತಿದ್ದಾರೆ.

ಹಾಗಾದರೆ ಚಿಂತೆ ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೆಯ ಆವೃತ್ತಿ ದೀರ್ಘಕಾಲದ ಶೋಕವನ್ನು ಒಂದು ತೊಂದರೆಯೆಂದು ಗುರುತಿಸುತ್ತದೆ. ಅದಕ್ಕೆ ಕನಿಷ್ಠ ಆರು ತಿಂಗಳ ಅವಧಿಯನ್ನು ಹೇಳಿ, ಆಯಾ ಸಮಾಜದ ರೂಢಿಗೂ ಮೀರಿದ್ದಾಗಿರಬೇಕು ಎಂದು ಸೇರಿಸುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ದೊಡ್ಡವರಿಗೆ ಒಂದು ವರ್ಷ ಎಂದಿತು. ಆದರೆ ಬರೀ ತಿಂಗಳು ಎಣಿಸಿ ಪ್ರಯೋಜನವಿಲ್ಲ. ಹಂಬಲ ದಿನವಿಡೀ ತಗ್ಗದೆ ಇದ್ದರೆ, ತನ್ನದೇ ಅರ್ಧ ಸತ್ತಂತಾಗಿ ಊಟ, ಕೆಲಸ, ಮಾತು ಯಾವುದೂ ಸಾಗದಿದ್ದರೆ ಯೋಚಿಸಬೇಕು. "ನಾನೂ ಹೋಗಿಬಿಡುತ್ತೇನೆ" ಎಂಬ ಮಾತು ಬಂದರೆ ಆರು ತಿಂಗಳಿಗೂ ಕಾಯಬಾರದು. ಅದೇ ದಿನ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ; ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವೂ ಇದೆ.

ಅಳು ಬಾರದಿರುವುದು ಕಲ್ಲುಮನಸ್ಸಲ್ಲ. ಕೆಲವರಿಗೆ ಶೋಕ ಕಣ್ಣಿನಲ್ಲಿ ಬರುವುದಿಲ್ಲ. ಮರೆವು, ಬೆನ್ನುನೋವು, ಕಾರಣವಿಲ್ಲದ ಸಿಟ್ಟು ಇವುಗಳ ರೂಪದಲ್ಲಿ ಬರುತ್ತದೆ. ಮಗನ ವಿಷಯದಲ್ಲಿ ಮಾತ್ರ ತಡಮಾಡಬೇಡಿ. ತಾತ ಮಲಗಿದರು, ಏಳಲೇ ಇಲ್ಲ ಎಂದಾದರೆ, ದೀಪ ಆರಿಸಿ ಮಲಗುವ ಧೈರ್ಯ ಯಾವ ಮಗುವಿಗೆ ಬಂದೀತು? ತಾತ ಸತ್ತುಹೋದರು, ಅವರ ಹೃದಯ ನಿಂತುಹೋಯಿತು, ಮಲಗುವುದೇ ಬೇರೆ ಸಾಯುವುದೇ ಬೇರೆ, ಇದು ಯಾರ ತಪ್ಪಿನಿಂದಲೂ ಆದದ್ದಲ್ಲ ಎಂದು ಸರಳವಾಗಿ ಹೇಳಿ. ಅವನು ನಾಳೆ ಮತ್ತೆ ಅದನ್ನೇ ಕೇಳುತ್ತಾನೆ. ಮತ್ತೆ ಹಾಗೆಯೇ ಹೇಳಿ.

ಉತ್ತರ 2: ಹಳೇ ಮೇಷ್ಟ್ರು (ಚನ್ನರಾಯಪಟ್ಟಣ)

ತಂಗಿ, ಮೇಲಿನ ಮೇಡಂ ಬರೆದದ್ದರಲ್ಲಿ ನನ್ನ ತಕರಾರಿಲ್ಲ. ಆರು ತಿಂಗಳು, ಹನ್ನೆರಡು ತಿಂಗಳು ಎಂಬ ಅಳತೆಗಳು ವೈದ್ಯರಿಗೆ ಬೇಕಾಗಬಹುದು. ಮನೆಯವರು ಅವನ್ನು ಗೋಡೆಯ ಕ್ಯಾಲೆಂಡರಿಗೆ ತಗುಲಿಹಾಕದಿದ್ದರೆ ಸಾಕು.

ನನ್ನ ಮನೆಯಾಕೆ ಹೋಗಿ ಆರು ವರ್ಷವಾಯಿತು. ಮೂರನೆಯ ದಿನ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ. ಅಲ್ಲಿಯವರೆಗೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಮಿಯಾನ ಬಿಚ್ಚಿಕೊಂಡು ಹೋದರಲ್ಲ, ಅದರ ಮಾರನೆಯ ಬೆಳಿಗ್ಗೆ ಸಾರಿಗೆ ಹುಣಸೆಹಣ್ಣು ಎಲ್ಲಿಟ್ಟಿದ್ದಾಳೆ ಎಂದು ಹುಡುಕುತ್ತ ನಿಂತಾಗ ನನಗೆ ಸಾವು ಅರ್ಥವಾಯಿತು. ನಮ್ಮ ಹಿರಿಯರು ಹನ್ನೊಂದು ದಿನಕ್ಕೆ ಎಲ್ಲ ವ್ಯವಸ್ಥೆಯನ್ನೂ ಮಾಡಿಟ್ಟಿದ್ದಾರೆ, ಹನ್ನೆರಡನೆಯ ದಿನಕ್ಕೆ ಏನೂ ಮಾಡಿಲ್ಲ. ಅವಳು ಪುಡಿಮಾಡಿಟ್ಟಿದ್ದ ಸಾರಿನ ಪುಡಿ ಅರ್ಧ ಡಬ್ಬಿ ಉಳಿದಿತ್ತು. ಬಳಸಿದರೆ ಮುಗಿದುಹೋಗುತ್ತದೆ ಎಂದು ಮುಟ್ಟದೆ ಇಟ್ಟೆ. ಮಳೆಗಾಲದಲ್ಲಿ ಹುಳು ಬಿತ್ತು. ಅದನ್ನು ಹಿತ್ತಿಲಿಗೆ ಸುರಿದ ದಿನ ನನಗಾದ ಸಂಕಟವನ್ನು ತಿಥಿಗೆ ಬಂದ ಮುನ್ನೂರು ಜನರಲ್ಲಿ ಯಾರೂ ನೋಡಲಿಲ್ಲ. ಈಗ ಅನ್ನಿಸುತ್ತದೆ, ತಿಂದು ಮುಗಿಸಬೇಕಿತ್ತು.

ನನಗೆ ಉಪಕಾರವಾದದ್ದು ಯಾರ ಮಾತಿನಿಂದಲೂ ಅಲ್ಲ. ಧೈರ್ಯ ತಂದುಕೊಳ್ಳಿ ಮೇಷ್ಟ್ರೇ, ಪುಣ್ಯವಂತೆ ಮುತ್ತೈದೆಯಾಗಿ ಹೋದಳು, ಎಲ್ಲರೂ ಒಂದಲ್ಲ ಒಂದು ದಿನ ಹೋಗುವವರೇ ಎಂದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಅವರು ಎದ್ದು ಹೋದ ಮೇಲೆ ನನಗೆ ಉಸಿರು ಬರುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡಿದ ಒಬ್ಬ ಗೆಳೆಯ ಮಾತ್ರ ಆ ವರ್ಷದ ಅವರೆಕಾಯಿ ಕಾಲದಲ್ಲಿ ವಾರಕ್ಕೆರಡು ಸಂಜೆ ಒಂದು ಚೀಲ ಕಾಯಿ ಹಿಡಿದುಕೊಂಡು ಬರುತ್ತಿದ್ದ. ಇಬ್ಬರೂ ಜಗುಲಿಯಲ್ಲಿ ಕೂತು ಸುಲಿಯುತ್ತಿದ್ದೆವು. ಎಂದೋ ಒಂದು ದಿನ ಅವಳ ಹೆಸರೆತ್ತಿ, ಅವಳು ಮಾಡುತ್ತಿದ್ದ ಹಿತಕಿದ ಬೇಳೆ ಸಾರಿನಲ್ಲಿ ಉಪ್ಪು ಯಾವಾಗಲೂ ಒಂದು ಕೈ ಹೆಚ್ಚು ಎಂದ. ನಾನು ನಕ್ಕೆ. ಆರು ವಾರಗಳಲ್ಲಿ ಅವಳ ಹೆಸರು ಹಿಡಿದು ಮಾತನಾಡಿದ ಮೊದಲಿಗ ಅವನು. ನಿಮ್ಮ ಅವ್ವನ ಎದುರಿಗೆ ನಿಮ್ಮ ಅಪ್ಪನ ಮಾತನ್ನು ನೀವಾಗಿ ಎತ್ತಿ, ತಂಗಿ. ನೆನಪಿಸಿದರೆ ನೋವಾಗುತ್ತದೆ ಎಂದು ಹೆದರುತ್ತೇವೆ. ಅವರು ಮರೆತಿದ್ದರೆ ತಾನೆ ನೆನಪಿಸುವುದು?

ನಾನು ಶ್ರವಣಬೆಳಗೊಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಚಿಕ್ಕಬೆಟ್ಟದ ನಂದಿಸೇನ ಮುನಿಯ ನಿಸಿಧಿ (ಸಾವಿನ ಸ್ಮಾರಕ) ಶಾಸನವನ್ನು ತೋರಿಸುತ್ತಿದ್ದೆ. ಸುಮಾರು ಕ್ರಿ.ಶ. 700ರ ಕಾಲದ್ದು; ರೂಪ, ಧನ, ವೈಭವಗಳೆಲ್ಲ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಮಾಯವಾಗುತ್ತವೆ ಎಂದು ತಿಳಿದು ಆತ ಸನ್ಯಸನ (ಊಟ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನ ವ್ರತ) ಕೈಗೊಂಡ ಎಂಬ ಮಾತು ಅದರಲ್ಲಿದೆ. ಕನ್ನಡದಲ್ಲಿ ಅಷ್ಟು ಹಳೆಯದಾದ, ಅಷ್ಟು ಚಂದದ ಪದ್ಯ ಕಡಿಮೆ. ಆದರೆ ಮನೆಯಾಕೆ ಹೋದ ಮೇಲೆ ಅದನ್ನು ಓದಿದಾಗ ಬೇರೊಂದು ಯೋಚನೆ ಬಂತು. ಅದು ಹೊರಟವನ ಮಾತು. ಬಂಡೆಯ ಮೇಲೆ ಅಕ್ಷರ ಕೊರೆಸಿದವರು ಯಾರೋ ಇದ್ದರಲ್ಲ, ಬೆಟ್ಟ ಇಳಿದು ಹೋದ ಮೇಲೆ ಅವರು ಅಂದು ರಾತ್ರಿ ಏನು ಮಾಡಿದರು?

ಉತ್ತರ 3: ಆಲೂರಿನವನು

ನಾನು ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಕ್ಷಮಿಸಿ. ಎಲ್ಲರೂ ಅವ್ವನ ಬಗ್ಗೆ ಮಾತನಾಡುತ್ತಿದ್ದೀರಿ. ಪ್ರಶ್ನೆ ಕೇಳಿದವರು ಅಣ್ಣನ ಬಗ್ಗೆ ಬರೆದದ್ದು ಒಂದೇ ಸಾಲು: ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ, ಕೆಲಸದಲ್ಲಿ ಮುಳುಗಿದ್ದಾನೆ. ನನ್ನ ಚಿಕ್ಕಪ್ಪನೂ ಹಾಗೆಯೇ ಇದ್ದರು. ಮಗ ಹೋದ ಮೇಲೆ ಹಗಲೆಲ್ಲ ಮರಗಸಿ, ಬೇಲಿ, ಪಂಪ್‌ಸೆಟ್ಟು ಎಂದು ಓಡಾಡುತ್ತಿದ್ದರು. ಗಂಡಸು, ಅವರ ಪಾಡಿಗೆ ಬಿಡಿ, ತಾನಾಗಿ ಸರಿಹೋಗುತ್ತಾರೆ ಎಂದು ನಾವೆಲ್ಲ ಮೃದುವಾಗಿಯೇ ನಡೆದುಕೊಂಡೆವು. ರಾತ್ರಿ ಕುಡಿತ ಹಿಡಿದದ್ದು ನಮಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಬಿಟ್ಟುಬಿಡುವುದಕ್ಕೂ ಮೃದುವಾಗಿರುವುದಕ್ಕೂ ವ್ಯತ್ಯಾಸವಿದೆ.

ಇನ್ನೊಂದು ವಿಷಯ, ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಆಗಿದೆಯೇ? ಮರಣ ಪ್ರಮಾಣ ಪತ್ರ, ವಂಶವೃಕ್ಷ ಎಂದು ಓಡಾಡುವಾಗ ಪ್ರತಿ ಕಿಟಕಿಯಲ್ಲೂ "ಯಾರು ತೀರಿಕೊಂಡಿದ್ದು, ಯಾವತ್ತು" ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆಲ್ಲ ಒಬ್ಬನೇ ಓಡಾಡಿದ. ಪಹಣಿಯಲ್ಲಿ ಅಪ್ಪನ ಹೆಸರು ಹೋಗಿ ತನ್ನ ಹೆಸರು ಬಂದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಒಬ್ಬನೇ ವಾಪಸ್ಸು ಬರುವುದು ಏನೆಂದು ಬಂದವನಿಗೇ ಗೊತ್ತು. ಆ ದಿನ ಅಣ್ಣನ ಜೊತೆಗೆ ನೀವೊಬ್ಬರು ಹೋಗಿ.

ಉತ್ತರ 4: ಗಿರಿಯ ಕೆಳಗೆ (ಚಿಕ್ಕಮಗಳೂರು)

ಆಲೂರಿನವರು ಹಿಡಿದದ್ದನ್ನು ನಾನು ಬಿಟ್ಟಿದ್ದೆ, ಒಪ್ಪುತ್ತೇನೆ. ಮೇಲೆ ಹೇಳಿದ ಎರಡು ಕಡೆಗಳಲ್ಲಿ ಯಾರಾದರೂ ಒಂದೇ ಕಡೆ ನಿಂತುಬಿಟ್ಟರೆ ತೊಂದರೆ. ಅಳುವವರಲ್ಲಿ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ದುಡಿಯುವವರಲ್ಲಿ ಬೀಳುವುದಿಲ್ಲ, ಏಕೆಂದರೆ ದುಡಿಮೆಯನ್ನು ನಾವು ಮೆಚ್ಚುತ್ತೇವೆ. ಅಣ್ಣನನ್ನು ಎದುರಿಗೆ ಕೂರಿಸಿಕೊಂಡು "ಮನಸ್ಸಿನಲ್ಲಿ ಏನಿದೆ ಹೇಳು" ಎನ್ನಬೇಡಿ; ಮುಖ ನೋಡದೆ ಮಾತನಾಡುವ ಸಂದರ್ಭ ಹುಡುಕಿ. ಮೇಷ್ಟ್ರ ಅವರೆಕಾಯಿಯಂತೆ.

ಉತ್ತರ 5: ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ಕೃತಜ್ಞತೆಗಳು. ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ನಡುವೆ ಎರಡು ರಜೆ ಸಿಕ್ಕಿದ್ದರಿಂದ ಊರಿಗೆ ಹೋಗಿದ್ದೆ.

ಬೆಳಿಗ್ಗೆ ಅವ್ವನ ಜೊತೆ ನಾನೂ ಅಂಗಳಕ್ಕೆ ಇಳಿದೆ. ಗೊರಬು ತೊಟ್ಟುಕೊಂಡು, ಗಾಜನ್ನು ಸೆರಗಿನಿಂದ ಒರೆಸಿ, ನೀರಿನ ಅಂಚು ಗೆರೆಗೆ ಸರಿಯಾಗಿ ನಿಲ್ಲುವ ತನಕ ಉಸಿರು ಬಿಗಿಹಿಡಿದು ನೋಡುತ್ತಾಳೆ. ಅವಳು ಕುರ್ಚಿಗೆ ಹೇಳಿ ಮುಗಿಸಿದ ಮೇಲೆ, ಅತ್ತೆಯವರ ಮಾತನ್ನು ಹೇಗೋ ಅಂಜುತ್ತ ಎತ್ತಿದೆ. "ನಂಗೇನು ಹುಚ್ಚು ಅಂದ್ಕೊಂಡ್ಯಾ? ಅವರಿಲ್ಲ ಅಂತ ನಂಗೆ ಗೊತ್ತಿಲ್ವಾ? ಬಂದ ಮಳೆ ಬರೀದೆ ಇದ್ರೆ ಆಗುತ್ತಾ?" ಎಂದು ರೇಗಿದಳು. ಆಮೇಲೆ ಪುಸ್ತಕವನ್ನು ತಂದು ತೋರಿಸಿದಳು. ಮಳೆಯಿಲ್ಲದ ದಿನ ಅಪ್ಪ ಬರೀ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಅವ್ವ ಪ್ರತಿ ದಿನವೂ "ಮಳೆ ಇಲ್ಲ" ಎಂದು ಪೂರ್ತಿ ಬರೆದಿದ್ದಾಳೆ. ಮಾಗಿಯ ತಿಂಗಳುಗಳ ಪುಟಗಳು ತುಂಬ ಮಳೆ ಇಲ್ಲ, ಮಳೆ ಇಲ್ಲ, ಮಳೆ ಇಲ್ಲ. ಅಪ್ಪನ ಕೊನೆಯ ಗೆರೆಗೂ ಅವ್ವನ ಮೊದಲ ಅಕ್ಷರಕ್ಕೂ ನಡುವೆ ಹನ್ನೊಂದು ದಿನಗಳ ಜಾಗ ಖಾಲಿ ಇದೆ. ಅವಳನ್ನು ಕಾಡುತ್ತಿದ್ದದ್ದು ಅದಂತೆ. "ಅವರು ಒಂದು ದಿನಾನೂ ಬಿಟ್ಟೋರಲ್ಲ" ಎಂದಳು.

ಪಕ್ಕದ ತೋಟದವರೂ ಮಳೆ ಬರೆಯುತ್ತಾರೆ. ಸಂಜೆ ಅಣ್ಣನನ್ನು ಕರೆದುಕೊಂಡು ಅವರ ಮನೆಗೆ ಹೋದೆ; ಮಾತನಾಡಿಸುವ ಉಪಾಯವೇನೂ ಇರಲಿಲ್ಲ, ಕತ್ತಲಲ್ಲಿ ತೋಟದ ದಾರಿಯಲ್ಲಿ ಜಿಗಣೆಗೆ ನನಗೆ ಭಯ. ಅವರ ಪುಸ್ತಕದಲ್ಲಿ ಆ ಹನ್ನೊಂದು ದಿನಗಳಲ್ಲಿ ಒಂಬತ್ತು ಅಡ್ಡಗೆರೆ, ಎರಡು ಅಂಕಿ. ಹಾಲು ತುಪ್ಪದ ದಿನ ಮೂವತ್ತೈದು ಸೆಂಟ್, ಇನ್ನೊಂದು ದಿನ ಹತ್ತು. ಮೂವತ್ತೈದು ಸೆಂಟ್ ಎಂದರೆ ಅಂಗಳದಲ್ಲಿ ನೀರು ಹರಿದಿರಬೇಕು. ಅಂದು ಮಳೆ ಬಂದಿತ್ತೆಂಬುದು ನನಗೆ ಎಳ್ಳಷ್ಟೂ ನೆನಪಿಲ್ಲ.

ಅಣ್ಣನಿಗೆ ನೆನಪಿತ್ತು. ವಾಪಸ್ಸು ಬರುವಾಗ, ಟಾರ್ಚನ್ನು ನನ್ನ ಕಾಲಿನ ಮುಂದೆ ಹಿಡಿದುಕೊಂಡು, ಮುಖ ತಿರುಗಿಸದೆ ಹೇಳಿದ. ಹಾಲು ತುಪ್ಪ ಬಿಡಲು ನಿಂತಿದ್ದಾಗ ಮೋಡ ಕವಿದದ್ದನ್ನು ಅವನು ನೋಡಿದ್ದನಂತೆ. ಮೂರು ದಿನದ ಹಣ್ಣು ಕಣದಲ್ಲಿ ಹರಡಿತ್ತು. ಕೈಯಲ್ಲಿ ಹಾಲಿನ ಚೊಂಬು ಹಿಡಿದುಕೊಂಡು, ಅಪ್ಪನ ಬೂದಿಯ ಎದುರಿಗೆ, ಕಾಫಿ ನೆನೆಯುತ್ತದಲ್ಲ ಎಂಬ ಒಂದೇ ಯೋಚನೆ ಬಂತಂತೆ. ಲೈನು ಮನೆಯ ಆಳುಗಳು ತಾವಾಗಿಯೇ ಟಾರ್ಪಾಲು ಹೊದಿಸಿದ್ದರು, ಕಾಫಿಗೆ ಏನೂ ಆಗಿರಲಿಲ್ಲ. "ಎಂಟು ತಿಂಗಳಿಂದ ನಂಗೆ ಅದೇ ಕಣೇ. ಎಂಥ ಮಗ ನಾನು" ಎಂದ. ಅಪ್ಪನೂ ಅಲ್ಲಿದ್ದಿದ್ದರೆ ಮೊದಲು ಕಣಕ್ಕೇ ಓಡುತ್ತಿದ್ದರು ಎಂದೆ. ಅವನು ಏನೂ ಹೇಳಲಿಲ್ಲ. ಒಂದಷ್ಟು ದೂರ ನಡೆದ ಮೇಲೆ ಟಾರ್ಚು ಆರಿಸಿ ಸುಮ್ಮನೆ ನಿಂತ, ನಾನೂ ನಿಂತೆ. ಜಿಗಣೆಯ ವಿಷಯ ಆಗ ಮರೆತುಹೋಗಿತ್ತು.

ಪೌತಿ ಖಾತೆ ಇನ್ನೂ ಆಗಿಲ್ಲ. ಮುಂದಿನ ವಾರ ಇಬ್ಬರೂ ಹೋಗುತ್ತೇವೆ. ಮಗನಿಗೆ ಹೇಳಬೇಕಾದದ್ದನ್ನು ಹೇಳಿದ್ದೇನೆ. "ಹಾಗಾದ್ರೆ ತಾತನಿಗೆ ಚಳಿ ಆಗಲ್ವಾ" ಎಂದು ಕೇಳಿದ, ಆಗುವುದಿಲ್ಲ ಎಂದೆ. ದೀಪ ಮಾತ್ರ ಇನ್ನೂ ಉರಿಯುತ್ತಿದೆ. ನನಗೆ ಅಳು ಬಂತೇ ಎಂದರೆ, ಇಲ್ಲ. ಅತ್ತೆಯವರಿಗೆ ಅಣ್ಣನೇ ಫೋನ್ ಮಾಡಿ ಮಾಪಕ ಅಲ್ಲೇ ಇರುತ್ತದೆ ಎಂದು ತಿಳಿಸಿದ್ದಾನೆ, ಅವರಿಗೆ ಸ್ವಲ್ಪ ಬೇಸರವಾಗಿದೆ.

ಅವ್ವ ಹನ್ನೊಂದು ದಿನಗಳ ಜಾಗವನ್ನು ಪಕ್ಕದವರ ಲೆಕ್ಕ ನೋಡಿ ತುಂಬಿದ್ದಾಳೆ, ಅದೂ ಪೆನ್ಸಿಲಿನಲ್ಲಿ. ನಮ್ಮ ಅಂಗಳದಲ್ಲಿ ಅಳೆದದ್ದಲ್ಲವಲ್ಲ. ಮೂರು ದಿನದಿಂದ ಎಂಟೂವರೆಗೆ ನನಗೆ ಫೋನ್ ಮಾಡುತ್ತಿದ್ದಾಳೆ. ಇಂದು ಒಂದು ಇಂಚು ಹದಿನೈದು ಸೆಂಟ್ ಬಂದಿದೆಯಂತೆ. ಇಲ್ಲಿ ತುಂತುರು ಎಂದೆ.